ಕತ್ತಲಾದರೆ ಕಣ್ಣು ಬಿಡುವ ಪುಟ್ಟ ರೋಬೋಟ್: ಬಿಡಿಭಾಗಗಳಿಂದ ಆಟಿಕೆಯವರೆಗೆ

ಕೋಣೆಯ ದೀಪ ಆರಿಸಿದರೆ ಎರಡು ಕೆಂಪು ಕಣ್ಣು ಬಿಡುತ್ತದೆ, ದೀಪ ಹಾಕಿದರೆ ಮುಚ್ಚಿಕೊಳ್ಳುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಈ ರೋಬೋಟ್‌ನೊಳಗೆ ಚಿಪ್ ಇಲ್ಲ, ಪ್ರೋಗ್ರಾಂ ಬರೆಯುವ ಕೆಲಸವೂ ಇಲ್ಲ. ಒಂದು ಟ್ರಾನ್ಸಿಸ್ಟರ್, ಬೆಳಕನ್ನು ಗುರುತಿಸುವ ಒಂದು ಎಲ್‌ಡಿಆರ್, ಎರಡು ಎಲ್‌ಇಡಿ, ಕರೆಂಟಿಗೆ ತಡೆಯೊಡ್ಡುವ ಮೂರು ರೆಸಿಸ್ಟರ್. ಇಷ್ಟರಿಂದಲೇ ಅದು ಸುತ್ತಲಿನ ಬೆಳಕಿಗೆ ಸ್ಪಂದಿಸುತ್ತದೆ.

ಇಷ್ಟು ಕಡಿಮೆ ಭಾಗಗಳಿಂದ ಜೀವವಿದ್ದಂತೆ ತೋರುವ ಯಂತ್ರ ಮಾಡುವುದು ಹೊಸ ಯೋಚನೆಯೇನಲ್ಲ. ಮಿದುಳಿನ ಅಧ್ಯಯನ ಮಾಡುತ್ತಿದ್ದ ವಿಲಿಯಂ ಗ್ರೇ ವಾಲ್ಟರ್ 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರ ಆಮೆಗಳನ್ನು ಕಟ್ಟಿದ್ದರು. ಕೆಲವೇ ವ್ಯಾಕ್ಯೂಮ್ ಟ್ಯೂಬ್ (ಟ್ರಾನ್ಸಿಸ್ಟರ್ ಕೆಲಸವನ್ನು ಆಗ ಮಾಡುತ್ತಿದ್ದ ಗಾಜಿನ ಕೊಳವೆ), ಒಂದು ಬೆಳಕಿನ ಸೆನ್ಸರ್, ತಾಗಿದ್ದನ್ನು ತಿಳಿಯುವ ಒಂದು ಸ್ವಿಚ್ ಇಟ್ಟುಕೊಂಡು ಅವು ಬೆಳಕಿನ ಕಡೆಗೆ ತಾವಾಗಿ ಹೋಗುತ್ತಿದ್ದವು. ನಮ್ಮ ರೋಬೋಟ್ ನಡೆಯುವುದಿಲ್ಲ. ಆದರೆ ‘ಬೆಳಕು ಎಷ್ಟಿದೆ ಎಂದು ನೋಡು, ಅದಕ್ಕೆ ತಕ್ಕಂತೆ ಏನಾದರೂ ಮಾಡು’ ಎಂಬ ತಿರುಳು ಎರಡರಲ್ಲೂ ಒಂದೇ.

ಶುರುವಿಗೇ ಒಂದು ಮಾತು. ಬಹಳ ಮಂದಿ ಮೊದಲು ಚೆಂದದ ಡಬ್ಬಿ ಮಾಡಿ, ಬಣ್ಣ ಬಳಿದು, ಆಮೇಲೆ ಅದರೊಳಗೆ ತಂತಿಗಳನ್ನು ತುರುಕಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಸರ್ಕ್ಯೂಟ್, ಅದೂ ಒಂದೊಂದೇ ಭಾಗ. ಒಂದು ಹಂತದಲ್ಲಿ ಬೆಳಗಬೇಕಾದದ್ದು ಬೆಳಗಿದ ಮೇಲೆಯೇ ಮುಂದಿನ ಹಂತ. ಹೀಗೆ ಮಾಡಿದರೆ ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಕೂರಬೇಕಾಗುವುದಿಲ್ಲ: ಈಗಷ್ಟೇ ಸೇರಿಸಿದ ಭಾಗದಲ್ಲೇ ತಪ್ಪಿರುತ್ತದೆ. ಜೊತೆಗೆ ಮಕ್ಕಳು ಕೂತು ಮಾಡುತ್ತಿದ್ದರೆ ಯಾವ ಭಾಗ ಯಾಕಿದೆ ಎಂಬುದು ಅವರಿಗೆ ಕಣ್ಣಾರೆ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಆಟಿಕೆಗಿಂತ ಅದೇ ದೊಡ್ಡ ಗಳಿಕೆ.

ಬೇಕಾಗುವ ಸಾಮಾನು

- 5 ಮಿಲಿಮೀಟರ್‌ನ ಕೆಂಪು ಎಲ್‌ಇಡಿ 2
- ಬಿ.ಸಿ.547 ಟ್ರಾನ್ಸಿಸ್ಟರ್ 1 (ಇನ್ನೊಂದು ಕೈಯಲ್ಲಿರಲಿ)
- ಎಲ್‌ಡಿಆರ್ 1
- 220 ಓಮ್ ರೆಸಿಸ್ಟರ್ 2 (ಪಟ್ಟಿಗಳು: ಕೆಂಪು, ಕೆಂಪು, ಕಂದು)
- 47 ಕಿಲೋ ಓಮ್ ರೆಸಿಸ್ಟರ್ 1 (ಹಳದಿ, ನೇರಳೆ, ಕಿತ್ತಳೆ)
- 3 ಎಎ ಸೆಲ್ ಮತ್ತು ಮೂರನ್ನೂ ಸಾಲಾಗಿ ಜೋಡಿಸುವ ಹೋಲ್ಡರ್
- ಒಂದು ಪುಟ್ಟ ಸ್ಲೈಡ್ ಸ್ವಿಚ್
- ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಸಿಕ್ಕಿಸಿ ಜೋಡಿಸುವ, ರಂಧ್ರಗಳಿರುವ ಹಲಗೆ), ತಂತಿ ತುಂಡುಗಳು
- ದೇಹಕ್ಕೆ ಗಟ್ಟಿ ರಟ್ಟಿನ ಡಬ್ಬಿ, ಕಪ್ಪು ಟೇಪು, ಅಂಟು

ರೆಸಿಸ್ಟರ್ ಮೇಲಿನ ನಾಲ್ಕನೇ ಪಟ್ಟಿ ಸಾಮಾನ್ಯವಾಗಿ ಚಿನ್ನದ ಬಣ್ಣದ್ದು. ಓಮ್ ಅಳತೆಯಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಅದರ ಅರ್ಥ. ಓದುವಾಗ ಆ ಪಟ್ಟಿ ಬಲಗಡೆ ಇರಲಿ.

ನಾಣ್ಯದಂಥ ಬಟನ್ ಸೆಲ್ ಯಾಕೆ ಬೇಡ ಎಂದು ಕೇಳಬಹುದು. ಅದು ಚಿಕ್ಕದು, ಹಗುರ, ನಿಜ. ಆದರೆ ಚಿಕ್ಕ ಮಕ್ಕಳು ನುಂಗಿಬಿಟ್ಟರೆ ಅನ್ನನಾಳದಲ್ಲಿ ಸಿಕ್ಕಿಕೊಂಡು, ಎರಡೇ ಗಂಟೆಯೊಳಗೆ ಒಳಗಿನ ಅಂಗಾಂಶವನ್ನು ಗಂಭೀರವಾಗಿ ಸುಡಬಲ್ಲದು. ಮಕ್ಕಳ ಕೈಗೆ ಕೊಡುವ ಆಟಿಕೆಯಲ್ಲಿ, ಸ್ಕ್ರೂ ಹಾಕಿದ ಮುಚ್ಚಳ ಇಲ್ಲದೆ, ಅದನ್ನು ನಾನು ಎಂದೂ ಬಳಸುವುದಿಲ್ಲ. ಹಳೆಯ ಮೊಬೈಲಿನ ಲಿಥಿಯಂ ಬ್ಯಾಟರಿಯೂ ಬೇಡ. ತಂತಿ ತಪ್ಪಿ ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಅದರಲ್ಲಿದೆ. ಎಎ ಸೆಲ್‌ಗಳೂ ಶಾರ್ಟ್ ಆದರೆ ಬಿಸಿಯಾಗುತ್ತವೆ, ಆದರೆ ಕಲಿಯುವವರ ಕೈಗೆ ಅವೇ ಸುರಕ್ಷಿತ.

ಎಲ್‌ಡಿಆರ್ ಬಗ್ಗೆಯೂ ಒಂದು ಎಚ್ಚರಿಕೆ. ಅದರ ಮೇಲೆ ಹಾವಿನಂತೆ ಸುತ್ತಿಕೊಂಡು ಹೋದ ಗೆರೆ ಕ್ಯಾಡ್ಮಿಯಂ ಸಲ್ಫೈಡ್‌ನದು, ಕ್ಯಾಡ್ಮಿಯಂ ವಿಷ. ಸುಮ್ಮನೆ ಬಳಸುವಾಗ ಏನೂ ಆಗುವುದಿಲ್ಲ. ಒಡೆಯಬಾರದು, ಕೆರೆಯಬಾರದು, ಮಕ್ಕಳು ಬಾಯಿಗೆ ಹಾಕಬಾರದು.

ಮೊದಲ ಹಂತ: ಒಂದು ಕಣ್ಣು

ಬ್ರೆಡ್‌ಬೋರ್ಡ್ ಹೊಸದಾಗಿದ್ದರೆ ಅದರ ಒಳಜೋಡಣೆ ತಿಳಿದುಕೊಳ್ಳಿ. ಅಂಚಿನ ಉದ್ದ ಸಾಲುಗಳು ಉದ್ದಕ್ಕೂ ಒಂದೇ ಸಂಪರ್ಕ (ಕೆಲವು ಬೋರ್ಡ್‌ಗಳಲ್ಲಿ ನಡುವೆ ತುಂಡಾಗಿರುತ್ತದೆ). ಒಳಗಿನ ಅಡ್ಡ ಸಾಲುಗಳಲ್ಲಿ ಐದೈದು ರಂಧ್ರಗಳು ಒಂದು ಗುಂಪು. ನಡುವಿನ ಕಾಲುವೆ ದಾಟಿದರೆ ಸಂಪರ್ಕ ಇಲ್ಲ. ಹೋಲ್ಡರಿನ ಕೆಂಪು ತಂತಿಯನ್ನು ಒಂದು ಉದ್ದ ಸಾಲಿಗೆ, ಕಪ್ಪು ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಿ. ಇನ್ನು ಮುಂದೆ ಅವನ್ನು ಪ್ಲಸ್ ಸಾಲು, ಮೈನಸ್ ಸಾಲು ಎಂದು ಕರೆಯೋಣ. ಭಾಗ ಸೇರಿಸುವಾಗಲೆಲ್ಲ ಒಂದು ಸೆಲ್ ತೆಗೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಪ್ಲಸ್ ಸಾಲಿನಿಂದ 220 ಓಮ್ ರೆಸಿಸ್ಟರ್, ಅದರ ಇನ್ನೊಂದು ತುದಿಗೆ ಎಲ್‌ಇಡಿಯ ಉದ್ದನೆಯ ಕಾಲು, ಗಿಡ್ಡ ಕಾಲು ಮೈನಸ್ ಸಾಲಿಗೆ. ಸೆಲ್ ಹಾಕಿದರೆ ಬೆಳಗಬೇಕು. ಬೆಳಗದಿದ್ದರೆ ಎಲ್‌ಇಡಿಯನ್ನು ತಿರುಗಿಸಿ ಹಾಕಿ ನೋಡಿ. ಕಾಲುಗಳನ್ನು ಕತ್ತರಿಸಿಬಿಟ್ಟಿದ್ದರೆ ಎಲ್‌ಇಡಿಯ ಬುಡದ ಅಂಚನ್ನು ನೋಡಿ: ಒಂದು ಕಡೆ ಚಪ್ಪಟೆಯಾಗಿರುತ್ತದೆ. ಆ ಕಡೆಯದು ಮೈನಸ್.

ರೆಸಿಸ್ಟರ್ ಯಾಕೆ ಬೇಕು? ಕೆಂಪು ಎಲ್‌ಇಡಿ ಬೆಳಗುವಾಗ ಅದರ ಎರಡು ಕಾಲುಗಳ ನಡುವೆ ಸುಮಾರು 2 ವೋಲ್ಟ್ ನಿಲ್ಲುತ್ತದೆ. ನಮ್ಮ ಸೆಲ್‌ಗಳದು 4.5 ವೋಲ್ಟ್. ಉಳಿದ 2.5 ವೋಲ್ಟನ್ನು ರೆಸಿಸ್ಟರ್ ಹೊರುತ್ತದೆ. 2.5ನ್ನು 220ರಿಂದ ಭಾಗಿಸಿದರೆ ಸುಮಾರು 11 ಮಿಲಿಆಂಪಿಯರ್. ಈ ಜಾತಿಯ ಎಲ್‌ಇಡಿ ಸಾಮಾನ್ಯವಾಗಿ 20 ಮಿಲಿಆಂಪಿಯರ್ ತಡೆಯುತ್ತದೆ, ಹಾಗಾಗಿ 11 ಅದಕ್ಕೆ ಆರಾಮದ ಪ್ರಮಾಣ. ರೆಸಿಸ್ಟರ್ ಬಿಟ್ಟು ನೇರವಾಗಿ ಕೊಟ್ಟರೆ ಎಲ್‌ಇಡಿ ಮಿತಿಯಿಲ್ಲದೆ ಕರೆಂಟ್ ಎಳೆದುಕೊಂಡು ಸುಟ್ಟುಹೋಗುತ್ತದೆ.

ಎರಡನೆಯ ಕಣ್ಣು

ಎರಡನೇ ಎಲ್‌ಇಡಿಗೆ ಅದರದೇ ಬೇರೆ ರೆಸಿಸ್ಟರ್ ಹಾಕಿ ಹೀಗೆಯೇ ಜೋಡಿಸಿ. ಒಂದೇ ರೆಸಿಸ್ಟರ್ ಎರಡಕ್ಕೂ ಸಾಕಲ್ಲವೇ ಎನ್ನಿಸಬಹುದು. ಆದರೆ ಎರಡು ಎಲ್‌ಇಡಿಗಳು ಎಂದೂ ನೂರಕ್ಕೆ ನೂರು ಒಂದೇ ಥರ ಇರುವುದಿಲ್ಲ. ಸ್ವಲ್ಪ ಕಡಿಮೆ ವೋಲ್ಟೇಜಿಗೆ ಬೆಳಗುವುದು ಹೆಚ್ಚು ಕರೆಂಟ್ ಎಳೆದುಕೊಂಡು, ಒಂದು ಕಣ್ಣು ಪ್ರಖರ, ಇನ್ನೊಂದು ಮಂಕಾಗುತ್ತದೆ. ಎರಡನ್ನೂ ಒಂದರ ಹಿಂದೊಂದು ಪೋಣಿಸಿದರೆ 2 ಮತ್ತು 2 ಸೇರಿ 4 ವೋಲ್ಟ್ ಅಲ್ಲೇ ಮುಗಿದು, ಸೆಲ್ ಸ್ವಲ್ಪ ಇಳಿದ ಕೂಡಲೇ ಕಣ್ಣು ಆರಿಹೋಗುತ್ತದೆ. ಬೇರೆ ಬೇರೆ ರೆಸಿಸ್ಟರ್ ಇರುವುದೇ ಸರಿ.

ಟ್ರಾನ್ಸಿಸ್ಟರ್ ಸೇರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಬಿ.ಸಿ.547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಬರುವಂತೆ ಹಿಡಿಯಿರಿ. ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ನಂಬರಿನ ಟ್ರಾನ್ಸಿಸ್ಟರ್‌ಗಳಲ್ಲಿ ಈ ಕ್ರಮ ಬದಲಾಗುತ್ತದೆ. ಉದಾಹರಣೆಗೆ 2ಎನ್3904 ಅನ್ನು ಹೀಗೇ ಹಿಡಿದರೆ ಎಡಗಡೆಯದು ಎಮಿಟರ್. ಕೈಯಲ್ಲಿರುವುದರ ನಂಬರ್ ಓದದೆ ಸಿಕ್ಕಿಸಬೇಡಿ.

ಕೆರೆಯ ತೂಬನ್ನು ಎತ್ತಲು ಬೇಕಾದ ಬಲ ಚಿಕ್ಕದು, ಅದರಿಂದ ಹರಿಯುವ ನೀರು ದೊಡ್ಡದು. ಟ್ರಾನ್ಸಿಸ್ಟರ್ ಕೆಲಸವೂ ಹಾಗೆಯೇ. ಬೇಸ್‌ಗೆ ಹರಿಯುವ ಅತಿಸಣ್ಣ ಕರೆಂಟ್, ಕಲೆಕ್ಟರ್‌ನಿಂದ ಎಮಿಟರ್‌ಗೆ ಅದರ ನೂರಾರು ಪಟ್ಟು ಕರೆಂಟ್ ಹರಿಯಲು ಬಿಡುತ್ತದೆ.

ಈಗ ಎರಡೂ ಎಲ್‌ಇಡಿಗಳ ಗಿಡ್ಡ ಕಾಲುಗಳನ್ನು ಮೈನಸ್ ಸಾಲಿನಿಂದ ಬಿಡಿಸಿ, ಕಲೆಕ್ಟರ್ ಇರುವ ಸಾಲಿಗೆ ಸೇರಿಸಿ. ಎಮಿಟರನ್ನು ಮೈನಸ್ ಸಾಲಿಗೆ ಜೋಡಿಸಿ. ಬೇಸ್ ಸದ್ಯಕ್ಕೆ ಖಾಲಿ ಇರಲಿ. ಸೆಲ್ ಹಾಕಿದರೂ ಕಣ್ಣು ಬೆಳಗಬಾರದು. ಬೆಳಗಿದರೆ ಕಾಲುಗಳ ಕ್ರಮ ತಪ್ಪಿದೆ, ಇಲ್ಲವೇ ಟ್ರಾನ್ಸಿಸ್ಟರ್ ಕೆಟ್ಟಿದೆ.

ಇನ್ನು ಪ್ಲಸ್ ಸಾಲಿನಿಂದ ಬೇಸ್‌ಗೆ 47 ಕಿಲೋ ಓಮ್ ರೆಸಿಸ್ಟರ್ ಹಾಕಿ. ಎರಡೂ ಕಣ್ಣು ಒಟ್ಟಿಗೆ ಬೆಳಗಬೇಕು. ರೆಸಿಸ್ಟರ್ ಕಿತ್ತರೆ ಆರಬೇಕು. ಬೇಸ್‌ಗೆ ಹೋಗುತ್ತಿರುವುದು ಮಿಲಿಆಂಪಿಯರ್‌ನ ಹನ್ನೆರಡನೇ ಒಂದು ಪಾಲಿನಷ್ಟು. ಅದು ನಡೆಸುತ್ತಿರುವುದು 20 ಮಿಲಿಆಂಪಿಯರ್‌ನ ಆಸುಪಾಸು.

ಇಲ್ಲಿ ನಿಂತು ಒಂದು ಪ್ರಯೋಗ ಮಾಡಿ. ರೆಸಿಸ್ಟರ್ ತೆಗೆದು, ಪ್ಲಸ್ ಸಾಲಿನಿಂದ ಒಂದು ತಂತಿ, ಬೇಸ್‌ನಿಂದ ಒಂದು ತಂತಿ ಹೊರಗೆ ತನ್ನಿ. ಎರಡೂ ತಂತಿಯ ತುದಿಗಳು ಒಂದಕ್ಕೊಂದು ತಾಗದಂತೆ, ಒದ್ದೆ ಬೆರಳಿನಿಂದ ಎರಡನ್ನೂ ಒತ್ತಿ. ಕಣ್ಣುಗಳು ಮಸುಕಾಗಿ ಬೆಳಗುತ್ತವೆ. ಹರಿದದ್ದು ನಿಮ್ಮ ಚರ್ಮದ ಮೂಲಕ. 4.5 ವೋಲ್ಟ್ ಆದ್ದರಿಂದ ಏನೂ ಅನುಭವಕ್ಕೆ ಬರುವುದಿಲ್ಲ, ಅಪಾಯವೂ ಇಲ್ಲ. ಟ್ರಾನ್ಸಿಸ್ಟರ್ ಎಂದರೇನು ಎಂದು ಮಕ್ಕಳಿಗೆ ಮನದಟ್ಟು ಮಾಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒಂದೇ ಎಚ್ಚರ: ನಡುವೆ ಬೆರಳಾಗಲಿ ರೆಸಿಸ್ಟರ್ ಆಗಲಿ ಇಲ್ಲದೆ ಬೇಸನ್ನು ನೇರ ಪ್ಲಸ್‌ಗೆ ತಾಗಿಸಿದರೆ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಮತ್ತೆ ಈ ಪ್ರಯೋಗವನ್ನು ಸೆಲ್ ಮೇಲೆ ಮಾತ್ರ ಮಾಡಿ, ಗೋಡೆಯ ಪ್ಲಗ್‌ಗೆ ಹಾಕುವ ಯಾವ ಅಡಾಪ್ಟರ್ ಮೇಲೂ ಬೇಡ.

ಬೆಳಕನ್ನು ನೋಡುವ ಭಾಗ

47 ಕಿಲೋ ಓಮ್ ರೆಸಿಸ್ಟರನ್ನು ಮತ್ತೆ ಅದರ ಜಾಗದಲ್ಲಿ ಹಾಕಿ. ಬೇಸ್ ಮತ್ತು ಮೈನಸ್ ಸಾಲಿನ ನಡುವೆ ಎಲ್‌ಡಿಆರ್ ಸೇರಿಸಿ. ಇದಕ್ಕೆ ಪ್ಲಸ್, ಮೈನಸ್ ಎಂಬ ಭೇದವಿಲ್ಲ, ಹೇಗೆ ಹಾಕಿದರೂ ಸರಿ. ಬೆಳಕಿನಲ್ಲಿ ಕಣ್ಣು ಆರಬೇಕು, ಅಂಗೈಯಿಂದ ಎಲ್‌ಡಿಆರ್ ಮುಚ್ಚಿದರೆ ಬೆಳಗಬೇಕು.

ಆಗುವುದು ಇಷ್ಟು: ಒಳ್ಳೆಯ ಬೆಳಕಿನಲ್ಲಿ ಎಲ್‌ಡಿಆರ್‌ನ ತಡೆ 1 ಕಿಲೋ ಓಮ್ ಸುತ್ತಮುತ್ತ ಇಳಿದಿರುತ್ತದೆ, ಗಾಢ ಕತ್ತಲಲ್ಲಿ ಲಕ್ಷಗಟ್ಟಲೆ ಓಮ್‌ಗೆ ಏರುತ್ತದೆ. ಬೇಸ್ ಎಚ್ಚರಗೊಳ್ಳಲು ಅಲ್ಲಿ ಸುಮಾರು 0.65 ವೋಲ್ಟ್ ಇರಬೇಕು. ಬೆಳಕಿದ್ದಾಗ 47 ಕಿಲೋ ಓಮ್ ಮೂಲಕ ಬಂದದ್ದನ್ನೆಲ್ಲ ಎಲ್‌ಡಿಆರ್ ಮೈನಸ್‌ಗೆ ಇಳಿಸಿಬಿಡುವುದರಿಂದ ಬೇಸ್‌ನಲ್ಲಿ 0.1 ವೋಲ್ಟ್ ಕೂಡ ಉಳಿಯುವುದಿಲ್ಲ. ಕತ್ತಲು ಕವಿದಂತೆ ಎಲ್‌ಡಿಆರ್‌ನ ತಡೆ ಏರುತ್ತ 8 ಕಿಲೋ ಓಮ್ ಸುಮಾರಿಗೆ ಬಂದಾಗ 0.65 ವೋಲ್ಟ್ ತಲುಪಿ ಕಣ್ಣು ತೆರೆಯಲು ಶುರು. ತಡೆ ಇನ್ನೂ ಏರಿದಂತೆ ಬೆಳಕು ಹೆಚ್ಚುತ್ತದೆ. ಎಲ್‌ಡಿಆರ್ ಕತ್ತಲಿಗೆ ಹೊಂದಿಕೊಳ್ಳುವುದು ಸ್ವಲ್ಪ ನಿಧಾನ, ಬೆಳಕಿಗೆ ಬೇಗ. ಅದರಿಂದಾಗಿ ರೋಬೋಟ್ ಮೆಲ್ಲಗೆ ಕಣ್ಣು ಬಿಟ್ಟು ಥಟ್ಟನೆ ಮುಚ್ಚಿಕೊಳ್ಳುತ್ತದೆ. ಯಾರೂ ಹಾಗೆ ಮಾಡು ಎಂದು ಹೇಳಿಕೊಟ್ಟಿಲ್ಲ, ಆ ವಸ್ತುವಿನ ಗುಣವೇ ಹಾಗೆ. ಈ ಆಟಿಕೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಅದೇ.

ಎಷ್ಟು ಕತ್ತಲಾದರೆ ಕಣ್ಣು ಬಿಡಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು. 47ರ ಜಾಗದಲ್ಲಿ 22 ಕಿಲೋ ಓಮ್ ಹಾಕಿದರೆ ಮಬ್ಬು ಬೆಳಕಿನಲ್ಲೇ ಕಣ್ಣು ಬಿಡುತ್ತದೆ. 100 ಹಾಕಿದರೆ ಚೆನ್ನಾಗಿ ಕತ್ತಲಾಗುವವರೆಗೆ ಕಾಯುತ್ತದೆ, ಆದರೆ ಬೇಸ್‌ಗೆ ಹೋಗುವ ಕರೆಂಟ್ ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಕಣ್ಣು ಮಂಕು. ಕತ್ತಲಲ್ಲಿ ಮಾತ್ರ, ಆದರೂ ಪ್ರಖರವಾಗಿ ಬೇಕೆಂದರೆ ಎರಡನೇ ಬಿ.ಸಿ.547 ಬಳಸಿ: ಮೊದಲನೆಯದರ ಎಮಿಟರನ್ನು ಮೈನಸ್‌ನಿಂದ ಬಿಡಿಸಿ ಎರಡನೆಯದರ ಬೇಸ್‌ಗೆ ಕೊಡಿ, ಎರಡೂ ಕಲೆಕ್ಟರ್‌ಗಳನ್ನು ಸೇರಿಸಿ, ಎರಡನೆಯದರ ಎಮಿಟರ್ ಮೈನಸ್‌ಗೆ. ಇದಕ್ಕೆ ಡಾರ್ಲಿಂಗ್ಟನ್ ಜೋಡಣೆ ಎನ್ನುತ್ತಾರೆ. ಈಗ ಬೇಸ್‌ನಲ್ಲಿ ಸುಮಾರು 1.3 ವೋಲ್ಟ್ ಬೇಕು, ಹಾಗಾಗಿ 47 ಕಿಲೋ ಓಮ್ ಇಟ್ಟುಕೊಂಡೇ ಇನ್ನಷ್ಟು ಕತ್ತಲಿಗೆ ಕಾಯುತ್ತದೆ. ಈ ಜೋಡಣೆಯಲ್ಲಿ ಮುಕ್ಕಾಲು ವೋಲ್ಟಿನಷ್ಟು ಒಳಗೇ ಉಳಿದುಬಿಡುವುದರಿಂದ 220ರ ಬದಲು 150 ಓಮ್ ಹಾಕಿದರೆ ಕಣ್ಣಿನ ಹೊಳಪು ಮೊದಲಿನಂತೆಯೇ ಇರುತ್ತದೆ.

ಕಣ್ಣಿಗೆ ಬಿಳಿ ಅಥವಾ ನೀಲಿ ಬಣ್ಣ ಬೇಕೆಂದರೆ ಒಂದೇ ಟ್ರಾನ್ಸಿಸ್ಟರ್‌ನ ಜೋಡಣೆ ಇಟ್ಟುಕೊಳ್ಳಿ. ಅವಕ್ಕೆ 3 ವೋಲ್ಟ್‌ಗಿಂತ ತುಸು ಹೆಚ್ಚು ಬೇಕು. ಹೊಸ ಸೆಲ್ ಇರುವಾಗ ಚೆನ್ನಾಗಿ ಬೆಳಗುತ್ತವೆ, ಸೆಲ್ ಇಳಿದಂತೆ ಬೇಗ ಮಂಕಾಗುತ್ತವೆ. ರೀಚಾರ್ಜ್ ಮಾಡುವ ಎಎ ಸೆಲ್ ಒಂದೊಂದೂ 1.2 ವೋಲ್ಟ್, ಮೂರು ಸೇರಿ 3.6 ಮಾತ್ರ. ಅವುಗಳ ಜೊತೆ ಕೆಂಪೇ ಒಳ್ಳೆಯದು. ಕೆಂಪಿನಿಂದ ಇನ್ನೊಂದು ಲಾಭವಿದೆ: ಎಲ್‌ಡಿಆರ್ ಹಸಿರು ಬೆಳಕಿಗೆ ಸ್ಪಂದಿಸುವಷ್ಟು ಕೆಂಪಿಗೆ ಸ್ಪಂದಿಸುವುದಿಲ್ಲ.

ಕಣ್ಣಿನ ಬೆಳಕು ಎಲ್‌ಡಿಆರ್ ಮೇಲೆ ಬೀಳಬಾರದು

ಬ್ರೆಡ್‌ಬೋರ್ಡ್ ಮೇಲೆ ಸರಿಯಾಗಿದ್ದ ಸರ್ಕ್ಯೂಟ್ ಡಬ್ಬಿಯೊಳಗೆ ಹೋದ ಮೇಲೆ ಕಣ್ಣನ್ನು ಅರೆಬರೆ ತೆರೆದು ಹಾಗೆಯೇ ನಿಲ್ಲುವುದುಂಟು. ಕಾರಣ ಒಂದೇ. ಎಲ್‌ಇಡಿ ಬೆಳಗಿದಾಗ ಅದರ ಬೆಳಕೇ ಎಲ್‌ಡಿಆರ್‌ಗೆ ತಲುಪುತ್ತದೆ. ಬೆಳಕಾಯಿತೆಂದು ಅದು ಕಣ್ಣು ಮುಚ್ಚಿಸಲು ಹೋಗುತ್ತದೆ, ಕಣ್ಣು ಮುಚ್ಚಿದರೆ ಮತ್ತೆ ಕತ್ತಲು. ಈ ಎಳೆದಾಟದಲ್ಲಿ ಕಣ್ಣು ಮಂಕಾಗಿ ನಿಲ್ಲುತ್ತದೆ, ಇಲ್ಲವೇ ಮಿಣುಕುತ್ತದೆ.

ಎಲ್‌ಡಿಆರನ್ನು ತಲೆಯ ಮೇಲ್ಭಾಗದಲ್ಲಿ, ಆಕಾಶಕ್ಕೆ ಮುಖ ಮಾಡಿ ಕೂರಿಸಿ. ಅದರ ಸುತ್ತ ಕಪ್ಪು ಟೇಪಿನಿಂದ ಅರ್ಧ ಇಂಚು ಎತ್ತರದ ಕೊಳವೆ ಮಾಡಿ. ಡಬ್ಬಿಯ ಒಳಗಿನಿಂದಲೂ ಅದರ ಬೆನ್ನಿಗೆ ಕಪ್ಪು ಟೇಪು ಹಚ್ಚಿ, ಯಾಕೆಂದರೆ ಹಿಂಬದಿಯಿಂದಲೂ ಬೆಳಕು ಒಳಸೇರುತ್ತದೆ. ಎಲ್‌ಇಡಿಗಳ ಬುಡಕ್ಕೂ ಒಳಗಡೆ ಟೇಪು ಸುತ್ತಿದರೆ ಡಬ್ಬಿಯೊಳಗೆ ಬೆಳಕು ಚೆಲ್ಲುವುದಿಲ್ಲ. ಆ ಕೊಳವೆಯನ್ನೇ ಟೋಪಿಯಂತೆಯೋ ಆಂಟೆನಾದಂತೆಯೋ ಅಲಂಕರಿಸಬಹುದು.

ಬೆಸುಗೆ

ಬ್ರೆಡ್‌ಬೋರ್ಡನ್ನೇ ಡಬ್ಬಿಯೊಳಗೆ ಇಟ್ಟರೂ ಆಟಿಕೆ ನಡೆಯುತ್ತದೆ. ಆದರೆ ಮಕ್ಕಳು ಬೀಳಿಸಿದಾಗ ತಂತಿ ಕಳಚುತ್ತದೆ. ಬಾಳಿಕೆ ಬರಬೇಕೆಂದರೆ ರಂಧ್ರಗಳಿರುವ ಪುಟ್ಟ ಡಾಟ್ ಬೋರ್ಡ್ ಮೇಲೆ ಬೆಸೆಯಿರಿ. ಈ ಕೆಲಸ ದೊಡ್ಡವರದು, ಅಥವಾ ದೊಡ್ಡವರು ಪಕ್ಕದಲ್ಲೇ ಇದ್ದಾಗ ಮಾತ್ರ.

ಬೆಸುಗೆಯಲ್ಲಿ ಗಮನವಿಡಬೇಕಾದದ್ದು ಬಿಸಿ ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ತುದಿಯನ್ನು ಬೋರ್ಡಿನ ತಾಮ್ರಕ್ಕೂ ಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ, ಕ್ಷಣ ಬಿಟ್ಟು ಬೆಸುಗೆ ತಂತಿಯನ್ನು ಐರನ್‌ಗಲ್ಲ, ಆ ಕೀಲಿಗೆ ಮುಟ್ಟಿಸಿ. ಅದು ಕರಗಿ ಹರಡಿಕೊಂಡ ಕೂಡಲೇ ತಂತಿ ತೆಗೆದು ಐರನ್ ಎತ್ತಿ. ಎರಡು ಮೂರು ಸೆಕೆಂಡಿನ ಕೆಲಸ. ಕೀಲು ಹೊಳೆಯುತ್ತಿದ್ದು ಕಾಲನ್ನು ಅಪ್ಪಿಕೊಂಡಿದ್ದರೆ ಒಳ್ಳೆಯದು, ಗೋಲಿಯಾಗಿ ಮೇಲೆ ಕೂತಿದ್ದರೆ ಮತ್ತೆ ಬಿಸಿ ಮಾಡಿ. ಟ್ರಾನ್ಸಿಸ್ಟರ್‌ನ ಮೂರು ಕಾಲುಗಳನ್ನು ಒಂದರ ಬೆನ್ನಿಗೆ ಒಂದು ಬೆಸೆಯದೆ, ನಡುವೆ ಆರಲು ಬಿಡಿ. ಹೊಗೆ ಉಸಿರಾಡದಂತೆ ಕಿಟಕಿ ತೆರೆದಿರಲಿ. ಸೀಸ ಇರುವ ಬೆಸುಗೆ ತಂತಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಎಲ್‌ಇಡಿ ಮತ್ತು ಎಲ್‌ಡಿಆರನ್ನು ಬೋರ್ಡಿಗೆ ಬೆಸೆಯದೆ ಒಂದು ಗೇಣು ತಂತಿಯ ತುದಿಗೆ ಬೆಸೆಯಿರಿ. ಡಬ್ಬಿಯಲ್ಲಿ ಬೇಕಾದ ಜಾಗಕ್ಕೆ ಒಯ್ಯಲು ಸುಲಭ. ಸ್ವಿಚ್ಚನ್ನು ಹೋಲ್ಡರಿನ ಕೆಂಪು ತಂತಿಯ ನಡುವೆ ಕೂಡಿಸಿ.

ದೇಹ

ಇದು ನಿಮ್ಮ ಕಲ್ಪನೆಗೆ ಬಿಟ್ಟದ್ದು, ಕೆಲವೇ ಮಾತು ಹೇಳುತ್ತೇನೆ. ಕಣ್ಣಿಗೆ 5 ಮಿಲಿಮೀಟರ್ ತೂತು ಕೊರೆದರೆ ಎಲ್‌ಇಡಿ ಬಿಗಿಯಾಗಿ ಕೂರುತ್ತದೆ. ಪಾರದರ್ಶಕ ಎಲ್‌ಇಡಿಯ ಬೆಳಕು ನೇರ ಮುಂದಕ್ಕೇ ಹೋಗುತ್ತದೆ, ಬದಿಯಿಂದ ನೋಡಿದರೆ ಕಾಣದು. ಅದರ ತಲೆಯನ್ನು ನುಣುಪು ಮರಳು ಕಾಗದದಿಂದ ಉಜ್ಜಿದರೆ ಬೆಳಕು ಎಲ್ಲ ಕಡೆಗೂ ಹರಡುತ್ತದೆ. ಭಾರವಿರುವ ಸೆಲ್ ಹೋಲ್ಡರ್ ತೀರ ಕೆಳಗಿರಲಿ, ಆಗ ರೋಬೋಟ್ ಮುಗ್ಗರಿಸದೆ ನಿಲ್ಲುತ್ತದೆ. ಸೆಲ್ ಬದಲಿಸಲು ಬೆನ್ನಿನಲ್ಲಿ ಬಾಗಿಲು ಬಿಡುವುದನ್ನು ಮರೆಯಬೇಡಿ. ತಗಡಿನ ಡಬ್ಬಿ ಬಳಸುವುದಾದರೆ ಒಳಗೆಲ್ಲ ರಟ್ಟು ಹಾಸಿ, ಇಲ್ಲದಿದ್ದರೆ ಬೆತ್ತಲೆ ಕಾಲುಗಳು ತಗಡಿಗೆ ತಾಗಿ ಶಾರ್ಟ್ ಆಗುತ್ತದೆ.

ಮೊಬೈಲ್‌ನ ವೈಬ್ರೇಟರ್ ಮೋಟಾರ್ ಸೇರಿಸಿ ನಡುಗಿಸಬಹುದೇ ಎಂದರೆ, ಇದೇ ಟ್ರಾನ್ಸಿಸ್ಟರಿಗೆ ಸೇರಿಸಬೇಡಿ. ಬಿ.ಸಿ.547 ತಡೆಯುವುದು ಹೆಚ್ಚೆಂದರೆ 100 ಮಿಲಿಆಂಪಿಯರ್, ಮೋಟಾರು ಹೊರಡುವಾಗ ಅದನ್ನು ಮೀರಬಹುದು. ಬೇರೆ ಸೆಲ್, ಬೇರೆ ಸ್ವಿಚ್ ಕೊಟ್ಟು ಪ್ರತ್ಯೇಕವಾಗಿ ನಡೆಸಿ.

ಬೆಳಗದಿದ್ದರೆ

ಕತ್ತಲಲ್ಲೂ ಕಣ್ಣು ಬರದಿದ್ದರೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಮೈನಸ್‌ಗೆ, ಕೆಂಪು ಕಡ್ಡಿಯನ್ನು ಬೇಸ್‌ಗೆ ಹಿಡಿದು, ಎಲ್‌ಡಿಆರ್ ಮುಚ್ಚಿ ಅಳೆಯಿರಿ. ಬೇಸ್‌ನಲ್ಲಿ 0.65ರ ಆಸುಪಾಸು ಬಂದರೆ ಆ ಭಾಗ ಸರಿ, ತಪ್ಪು ಎಲ್‌ಇಡಿಗಳ ಕಡೆಗಿದೆ. ಸೊನ್ನೆಯ ಹತ್ತಿರ ಇದ್ದರೆ 47 ಕಿಲೋ ಓಮ್ ಸಂಪರ್ಕ ಬಿಟ್ಟಿದೆ ಅಥವಾ ಬೇಸ್ ಮೈನಸ್‌ಗೆ ತಾಗಿದೆ. 1 ವೋಲ್ಟ್‌ಗಿಂತ ಮೇಲೆ ತೋರಿಸಿದರೆ ಎಮಿಟರ್ ಮೈನಸ್‌ಗೆ ಸೇರಿಲ್ಲ, ಇಲ್ಲವೇ ಟ್ರಾನ್ಸಿಸ್ಟರ್ ಸುಟ್ಟಿದೆ (ಎರಡು ಟ್ರಾನ್ಸಿಸ್ಟರ್ ಇಟ್ಟಿದ್ದರೆ 1.3 ಸಹಜ). ಬೆಳಕಿನಲ್ಲೂ ಕಣ್ಣು ಆರದಿದ್ದರೆ ಎಲ್‌ಡಿಆರ್‌ನ ಕಾಲು ಕಳಚಿರಬಹುದು, ಅಥವಾ ಕೋಣೆಯ ಬೆಳಕೇ ಸಾಲದಿರಬಹುದು. ಕಿಟಕಿಯ ಹತ್ತಿರ ಒಯ್ದು ನೋಡಿ. ಕತ್ತಲಲ್ಲಿ ಆರಿ ಬೆಳಕಿನಲ್ಲಿ ಬೆಳಗಿದರೆ ಎಲ್‌ಡಿಆರ್ ಮತ್ತು 47 ಕಿಲೋ ಓಮ್ ಜಾಗ ಅದಲುಬದಲಾಗಿವೆ.

ಕಪಾಟಿನೊಳಗೆ ಎತ್ತಿಡುವ ಮುಂಚೆ ಸ್ವಿಚ್ ಆಫ್ ಮಾಡಿ. ಕಪಾಟಿನೊಳಗೆ ಕತ್ತಲು, ರೋಬೋಟ್ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಆಲ್ಕಲೈನ್ ಸೆಲ್‌ಗಳಾದರೂ 20 ಮಿಲಿಆಂಪಿಯರ್ ಲೆಕ್ಕದಲ್ಲಿ ನೂರು ಗಂಟೆಯ ಆಸುಪಾಸಿನಲ್ಲಿ, ಅಂದರೆ ನಾಲ್ಕೈದು ದಿನದಲ್ಲಿ, ಬರಿದಾಗುತ್ತವೆ. ಬೆಳಕಿನಲ್ಲಿ ಕಣ್ಣು ಮುಚ್ಚಿ ಕೂತಾಗ ಎಳೆಯುವುದು 0.1 ಮಿಲಿಆಂಪಿಯರ್ ಮಾತ್ರ. ತಿಂಗಳುಗಟ್ಟಲೆ ಆಡುವುದಿಲ್ಲವೆಂದಾದರೆ ಸೆಲ್‌ಗಳನ್ನೇ ಹೊರತೆಗೆಯಿರಿ, ಇಲ್ಲದಿದ್ದರೆ ಅವು ಸೋರಿ ಹೋಲ್ಡರಿನ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ. ಹಾಕುವಾಗ ಮೂರನ್ನೂ ಒಟ್ಟಿಗೆ ಬದಲಿಸಿ, ಹಳೆಯದು ಹೊಸದು ಬೆರೆಸಬೇಡಿ.